ಕಿವಿಗೂ ಕಣ್ಣಿಗೂ ಒಟ್ಟಿಗೆ ಸಿಗುವ ಪಾಠ: ವಯಸ್ಕರ ಇಂಗ್ಲಿಷ್ ಸ್ವಯಂಕಲಿಕೆಗೆ ಅಂತರ್ಜಾಲದಲ್ಲಿ ಏನಿದೆ

ಕುಮಟಾ ತಾಲೂಕಿನ ಒಂದು ಪ್ರೌಢಶಾಲೆಯಲ್ಲಿ ಮೂವತ್ತೊಂದು ವರ್ಷ ಕನ್ನಡ ಕಲಿಸಿ ನಿವೃತ್ತಳಾದ ನಾನು, ಕಳೆದ ಮಳೆಗಾಲದ ಆರಂಭದಿಂದ ಎಂಟು ತಿಂಗಳ ಕಾಲ, ಇಬ್ಬರು ನೆರೆಯವರೊಂದಿಗೆ ನಮ್ಮ ಮನೆಯ ಜಗುಲಿಯಲ್ಲಿ ವಾರಕ್ಕೆ ಮೂರು ಸಂಜೆ ಕುಳಿತು, ಅಂತರ್ಜಾಲದಲ್ಲಿ ಸಿಗುವ ಪಾಠಗಳಿಂದಲೇ ಇಂಗ್ಲಿಷ್ ಕಲಿಯುತ್ತ ಬಂದಿದ್ದೇನೆ. ಅವರಲ್ಲೊಬ್ಬರು ಯಾಣ, ಗೋಕರ್ಣ, ಶಿರಸಿಗಳಿಗೆ ಪ್ರವಾಸಿಗರನ್ನು ಕರೆದೊಯ್ಯುವ ಬಾಡಿಗೆ ಕಾರಿನ ಚಾಲಕರು. ಇನ್ನೊಬ್ಬರು ರಕ್ತ ತಪಾಸಣೆಯ ಲ್ಯಾಬಿನಲ್ಲಿ ಕೆಲಸ ಮಾಡುವ ಹೆಣ್ಣುಮಗಳು. ಮೂವರೂ ಕನ್ನಡ ಮಾಧ್ಯಮದಲ್ಲಿ ಓದಿದವರು. ಅಂಗಡಿಯ ಫಲಕ ಓದಬಲ್ಲೆವು, ಅರ್ಜಿ ತುಂಬಬಲ್ಲೆವು, ಹತ್ತನೆಯ ತರಗತಿಯಲ್ಲಿ ಇಂಗ್ಲಿಷಿನಲ್ಲಿ ಪಾಸೂ ಆಗಿದ್ದೆವು. ಆದರೆ ಯಾರಾದರೂ ಎದುರು ನಿಂತು ಇಂಗ್ಲಿಷಿನಲ್ಲಿ ಮಾತನಾಡಿಸಿದರೆ ಉತ್ತರ ಬಾಯಿಗೆ ಬರುತ್ತಿರಲಿಲ್ಲ. ಚಾಲಕರಿಗೆ ಪ್ರವಾಸಿಗರೊಂದಿಗೆ ಮಾತಾಡುವುದು ಬೇಕಿತ್ತು, ಲ್ಯಾಬಿನವರಿಗೆ ಯಂತ್ರದ ಜೊತೆ ಬಂದ ಕೈಪಿಡಿಯನ್ನು ಓದುವುದು ಬೇಕಿತ್ತು. ನನಗಿದ್ದ ಕಾರಣ ಬೇರೆ. ಕನ್ನಡದಲ್ಲಿ ಸೊಗಸಾಗಿ ಬರೆಯುತ್ತಿದ್ದ ನನ್ನ ವಿದ್ಯಾರ್ಥಿಗಳು ಪಿಯುಸಿ ವಿಜ್ಞಾನಕ್ಕೆ ಸೇರಿ, ಪಾಠದ ಇಂಗ್ಲಿಷ್ ತಲೆಗೆ ಹತ್ತದೆ ಅರ್ಧಕ್ಕೆ ಮರಳಿದ್ದನ್ನು ಹಲವು ಬಾರಿ ನೋಡಿದ್ದೆ. ಆ ಗೋಡೆ ಎಲ್ಲಿದೆ, ಎಷ್ಟು ಎತ್ತರವಿದೆ ಎಂಬುದನ್ನು ನಾನೇ ಹತ್ತಿ ತಿಳಿಯಬೇಕೆನಿಸಿತ್ತು.

ಮೊದಲು ನಾವು ಹಣ ಕೊಟ್ಟು ಕಲಿಯಲು ಹೊರಟೆವು. ಮೊಬೈಲಿನಲ್ಲಿ ಜಾಹೀರಾತು ನೋಡಿ ಚಾಲಕರು ಒಂದು ಸಂಖ್ಯೆಗೆ ಮಿಸ್ಡ್ ಕಾಲ್ ಕೊಟ್ಟರು. ಮರುದಿನದಿಂದ ಕರೆಗಳು ಬರತೊಡಗಿದವು. ಮೂರು ತಿಂಗಳಲ್ಲಿ ನಿರರ್ಗಳ ಇಂಗ್ಲಿಷ್ ಎಂಬ ಭರವಸೆಗೆ ನಾಲ್ಕು ಸಾವಿರದ ಒಂಬೈನೂರು ರೂಪಾಯಿ ಕಟ್ಟಿದೆವು. ಪಾಠ ತೆರೆದಾಗ ವಿವರಣೆಯೆಲ್ಲ ಹಿಂದಿಯಲ್ಲಿತ್ತು. ಕನ್ನಡದಲ್ಲಿಯೂ ಇದೆ ಎಂದು ಫೋನಿನಲ್ಲಿ ಹೇಳಿದ್ದರಲ್ಲ ಎಂದು ಕೇಳಿದರೆ, ಶೀಘ್ರದಲ್ಲೇ ಬರುತ್ತದೆ ಎಂಬ ಉತ್ತರ ಸಿಕ್ಕಿತು. ಹಣ ಮರಳಿ ಬರಲಿಲ್ಲ. ಗೊತ್ತಿಲ್ಲದ ಒಂದು ಭಾಷೆಯನ್ನು ಅರೆಬರೆ ಗೊತ್ತಿರುವ ಇನ್ನೊಂದು ಭಾಷೆಯ ಮೂಲಕ ಕಲಿಯುವುದು ಎಷ್ಟು ದಣಿವಿನ ಕೆಲಸ ಎಂಬುದು ಆ ಮೂರು ವಾರಗಳಲ್ಲಿ ನಮಗೆ ಅರ್ಥವಾಯಿತು. ಹಣ ಕಟ್ಟುವ ಮೊದಲು ಒಂದು ಪೂರ್ಣ ಪಾಠವನ್ನು ಉಚಿತವಾಗಿ ತೋರಿಸಲು ಕೇಳಿ, ಅದನ್ನು ಕೊನೆಯವರೆಗೆ ನೋಡಿ ಎಂದು ಈ ದಾರಿಯಲ್ಲಿರುವ ಎಲ್ಲರಿಗೂ ಹೇಳಬಯಸುತ್ತೇನೆ.

ಅಲ್ಲಿಂದ ಮುಂದೆ ನಾವು ಉಚಿತ ಪಾಠಗಳ ಕಡೆಗೆ ತಿರುಗಿದೆವು. ಅವು ಎಷ್ಟು ಹೇರಳವಾಗಿವೆಯೆಂದರೆ ಕೊರತೆಗಿಂತ ಆಯ್ಕೆಯೇ ದೊಡ್ಡ ತೊಡಕು. ಎರಡು ತಿಂಗಳು ಅದು ಇದು ಎಂದು ಹಾರಿದ ಮೇಲೆ ನಮಗೊಂದು ಅಳತೆಗೋಲು ಸಿಕ್ಕಿತು: ಪಾಠವನ್ನು ಕೇಳಲು ಧ್ವನಿ ಇರಬೇಕು, ಕೇಳಿದ್ದನ್ನೇ ಓದಲು ಅಚ್ಚಿನ ಪಠ್ಯ ಇರಬೇಕು, ಒಂದು ಕೂರಿಕೆಯಲ್ಲಿ ಮುಗಿಯುವಷ್ಟು ಚಿಕ್ಕದಾಗಿರಬೇಕು, ಮತ್ತು ಮೊಬೈಲಿಗೆ ಇಳಿಸಿಕೊಂಡು ಸಿಗ್ನಲ್ ಇಲ್ಲದ ಕಡೆಯೂ ಬಳಸುವಂತಿರಬೇಕು. ಕೊನೆಯದು ನಗರದವರಿಗೆ ಸಣ್ಣ ಮಾತೆನಿಸಬಹುದು. ಆದರೆ ಕುಮಟಾದಿಂದ ಶಿರಸಿಗೆ ದೇವಿಮನೆ ಘಟ್ಟ ಹತ್ತುವ ಚಾಲಕರಿಗೆ, ಗಾಳಿಮಳೆಗೆ ಕರೆಂಟು ಹೋದರೆ ಟವರೂ ನಿಲ್ಲುವ ನಮ್ಮ ಊರುಗಳಿಗೆ, ಇಳಿಸಿಕೊಳ್ಳಲಾಗದ ಪಾಠವು ಇದ್ದೂ ಇಲ್ಲದಂತೆ.

ಈ ಅಳತೆಯಲ್ಲಿ ನೋಡಿದರೆ, ಆರಂಭಿಕರಿಗೆ ನಾನು ಮೊದಲು ಹೇಳುವುದು ಅಮೆರಿಕ ಸರ್ಕಾರದ ಪ್ರಸಾರ ಸಂಸ್ಥೆಯಾದ ವಾಯ್ಸ್ ಆಫ್ ಅಮೆರಿಕಾದ ‘ಲೆಟ್ಸ್ ಲರ್ನ್ ಇಂಗ್ಲಿಷ್’ ಪಾಠಮಾಲೆ. ಮೊದಲ ಹಂತದಲ್ಲಿ 52 ಪಾಠಗಳಿವೆ, ಎರಡನೆಯದರಲ್ಲಿ 30. ವಾಷಿಂಗ್ಟನ್ ನಗರಕ್ಕೆ ಹೊಸದಾಗಿ ಬಂದ ಆನಾ ಎಂಬ ಯುವತಿ ಅಲ್ಲಿ ಮನೆ, ಕೆಲಸ, ಗೆಳೆಯರು ಎಂದು ಬದುಕು ಕಟ್ಟಿಕೊಳ್ಳುವ ಚಿಕ್ಕ ಚಿಕ್ಕ ದೃಶ್ಯಗಳು ಅದರಲ್ಲಿವೆ. ಪ್ರತಿ ದೃಶ್ಯದ ಸಂಭಾಷಣೆಯೂ ಬರಹದಲ್ಲಿ ಸಿಗುತ್ತದೆ. ಉಚ್ಚಾರಣೆಗೆ, ಮಾತಿನ ಅಭ್ಯಾಸಕ್ಕೆ ಬೇರೆ ತುಣುಕುಗಳಿವೆ. ಈ ಸಂಸ್ಥೆ ನಿಧಾನದ ಇಂಗ್ಲಿಷನ್ನು ಬಳಸತೊಡಗಿದ್ದು ನಿನ್ನೆ ಮೊನ್ನೆಯಲ್ಲ. 1959ರ ಅಕ್ಟೋಬರಿನಲ್ಲಿಯೇ ಅದು ‘ಸ್ಪೆಷಲ್ ಇಂಗ್ಲಿಷ್’ ಹೆಸರಿನ ರೇಡಿಯೊ ಪ್ರಸಾರ ಆರಂಭಿಸಿತ್ತು. ಸುಮಾರು 1500 ಪದಗಳ ಮಿತಿ, ಚಿಕ್ಕ ವಾಕ್ಯಗಳು, ಮಾಮೂಲಿಗಿಂತ ಮೂರರಲ್ಲೊಂದು ಪಾಲು ಕಡಿಮೆ ವೇಗ: ಇವು ಅದರ ನಿಯಮಗಳು. ವಯಸ್ಕರಿಗೆ ಮಕ್ಕಳ ಪದ್ಯ ಕಲಿಸದೆ, ವಯಸ್ಕರ ವಿಷಯಗಳನ್ನೇ ಕಡಿಮೆ ಪದಗಳಲ್ಲಿ ಹೇಳಬಹುದೆಂದು ನಂಬಿ ನಡೆದ ಆ ಕ್ರಮಕ್ಕೆ ನನ್ನ ಮನಸ್ಸಿನಲ್ಲಿ ದೊಡ್ಡ ಗೌರವವಿದೆ. ಉಚ್ಚಾರಣೆ ಅಮೆರಿಕದ್ದು, ಎರಡನೆಯ ವಾರದಲ್ಲಿ ಕಿವಿ ಅದಕ್ಕೆ ಒಗ್ಗಿತು. ಒಂದು ಎಚ್ಚರಿಕೆಯ ಮಾತು: 2025ರ ಮಾರ್ಚ್‌ನಲ್ಲಿ ಅಲ್ಲಿನ ಸರ್ಕಾರದ ಆದೇಶದ ಮೇಲೆ ಈ ಸಂಸ್ಥೆಯ ಬಹುತೇಕ ಸಿಬ್ಬಂದಿಯನ್ನು ರಜೆಯ ಮೇಲೆ ಕಳಿಸಲಾಯಿತು. ಆದ್ದರಿಂದ ಪಾಠಗಳು ಕಂಡಲ್ಲಿ ಧ್ವನಿಯನ್ನೂ ಪಠ್ಯವನ್ನೂ ಇಳಿಸಿ ಇಟ್ಟುಕೊಳ್ಳುವುದು ಒಳ್ಳೆಯದು. ನಾವು ಹಾಗೆಯೇ ಮಾಡಿದೆವು.

ಸ್ವಲ್ಪ ಮುಂದೆ ಬಂದವರಿಗೆ ಬಿಬಿಸಿಯ ‘ಸಿಕ್ಸ್ ಮಿನಿಟ್ ಇಂಗ್ಲಿಷ್’. ನಮ್ಮ ಎಂಟು ತಿಂಗಳಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ. ಬಿಬಿಸಿ 1943ರಿಂದ ರೇಡಿಯೊ ಮೂಲಕ ಇಂಗ್ಲಿಷ್ ಕಲಿಸುತ್ತ ಬಂದಿದೆ, ಆ ಅನುಭವ ಈ ಕಾರ್ಯಕ್ರಮದ ಕಟ್ಟಿನಲ್ಲಿ ಕಾಣುತ್ತದೆ. ಇಬ್ಬರು ನಿರೂಪಕರು ಯಾವುದೋ ಒಂದು ವಿಷಯವನ್ನು, ನಿದ್ರೆಯೋ, ಆಹಾರವೋ, ನಗರದ ಶಬ್ದವೋ, ಎತ್ತಿಕೊಂಡು ಮಾತಾಡುತ್ತಾರೆ. ಆರಂಭದಲ್ಲಿ ಮೂರು ಆಯ್ಕೆಗಳಿರುವ ಒಂದು ಪ್ರಶ್ನೆ ಕೇಳಿ, ಉತ್ತರವನ್ನು ಕೊನೆಗೆ ಇಟ್ಟುಕೊಳ್ಳುತ್ತಾರೆ. ನಡುವೆ ಆ ವಿಷಯ ಬಲ್ಲ ಒಬ್ಬರ ನಿಜವಾದ ಮಾತಿನ ತುಣುಕು ಬರುತ್ತದೆ. ಆರು ಪದಗಳನ್ನು ಬಳಸಿ, ವಿವರಿಸಿ, ಮುಗಿಸುವ ಮೊದಲು ಮತ್ತೊಮ್ಮೆ ನೆನಪಿಸುತ್ತಾರೆ. ಇದರಿಂದ ಒಂದೇ ಪದವನ್ನು ಆರು ನಿಮಿಷದಲ್ಲಿ ಮೂರು ನಾಲ್ಕು ಬಾರಿ, ಬೇರೆ ಬೇರೆ ವಾಕ್ಯಗಳಲ್ಲಿ ಕೇಳುತ್ತೇವೆ. ಐದಾರು ಎಂ.ಬಿ.ಯಷ್ಟು ಧ್ವನಿ, ಜೊತೆಗೆ ಪಿಡಿಎಫ್ ಪಠ್ಯ, ಹಣ ಕೊಡಬೇಕಾಗಿಲ್ಲ.

ಆ ಪಠ್ಯದ ತಲೆಯಲ್ಲಿಯೇ, ಇದು ಅಕ್ಷರಶಃ ಆಡಿದ ಮಾತಿನ ಪ್ರತಿಯಲ್ಲ ಎಂಬ ಒಂದು ಸಾಲು ಇರುತ್ತದೆ. ಮೊದಲು ನನಗೆ ಇದು ಕೊರತೆ ಎನಿಸಿತ್ತು. ಆಮೇಲೆ ನಾವು ಇದನ್ನೇ ಅಭ್ಯಾಸವನ್ನಾಗಿ ಮಾಡಿಕೊಂಡೆವು: ಪಠ್ಯವನ್ನು ಮುಂದಿಟ್ಟುಕೊಂಡು ಕೇಳುತ್ತ, ಆಡಿದ ಮಾತಿಗೂ ಅಚ್ಚಾದ ಮಾತಿಗೂ ಎಲ್ಲಿ ವ್ಯತ್ಯಾಸವಿದೆ ಎಂದು ಪೆನ್ಸಿಲಿನಲ್ಲಿ ಗುರುತು ಹಾಕುವುದು. ಬಿಟ್ಟುಹೋದ ಒಂದು ‘ವೆಲ್’, ಸೇರಿಕೊಂಡ ಒಂದು ‘ಸೋ’ ಹಿಡಿಯಬೇಕಾದರೆ ಕಿವಿ ಎಷ್ಟು ಚುರುಕಾಗಬೇಕು ಎಂಬುದು ಮಾಡಿ ನೋಡಿದವರಿಗೇ ಗೊತ್ತು. ಲ್ಯಾಬಿನವರು ಮೊದಲ ಬಾರಿ ಇಂಥದೊಂದನ್ನು ಹಿಡಿದ ದಿನ “ಅಕ್ಕೋರೆ, ಇಲ್ಲಿ ಅವರು ಬರೆದ ಹಾಗೆ ಹೇಳಲಿಲ್ಲ” ಎಂದು ಕುರ್ಚಿಯಿಂದ ಎದ್ದೇಬಿಟ್ಟರು. ನಾಲ್ಕು ತಿಂಗಳ ಹಿಂದೆ ಅದೇ ಧ್ವನಿ ಅವರಿಗೆ ಒಂದೇ ಉದ್ದನೆಯ ಪದದಂತೆ ಕೇಳುತ್ತಿತ್ತು. ಆದರೆ ಇದು ಮಧ್ಯಮ ಹಂತದವರಿಗಾಗಿ ಮಾಡಿದ ಕಾರ್ಯಕ್ರಮ ಎಂಬುದನ್ನು ಮರೆಯಬಾರದು. ಮೊದಲ ದಿನವೇ ಇದನ್ನು ಹಿಡಿದು, ಅರ್ಥವಾಗದೆ, ತಮ್ಮ ತಲೆಯನ್ನೇ ದೂರುವವರು ತಪ್ಪು ಮೆಟ್ಟಿಲಲ್ಲಿ ಕಾಲಿಟ್ಟಿದ್ದಾರೆ, ಅಷ್ಟೇ.

ಯಾವ ಮೆಟ್ಟಿಲು ತನ್ನದು ಎಂದು ತಿಳಿಯಲು ಬ್ರಿಟಿಷ್ ಕೌನ್ಸಿಲ್‌ನ ‘ಲರ್ನ್‌ಇಂಗ್ಲಿಷ್’ ತಾಣ ನೆರವಾಗುತ್ತದೆ. ಯುರೋಪಿನ ಕೌನ್ಸಿಲ್ 2001ರಲ್ಲಿ ಪ್ರಕಟಿಸಿದ ಭಾಷಾಸಾಮರ್ಥ್ಯದ ಆರು ಹಂತಗಳು, ಅಂದರೆ ಎ1, ಎ2, ಬಿ1, ಬಿ2, ಸಿ1, ಸಿ2, ಇಂದು ಎಲ್ಲೆಡೆ ಬಳಕೆಯಲ್ಲಿವೆ. ಈ ತಾಣವೂ ತನ್ನ ಪಾಠಗಳನ್ನು ಅದೇ ಲೆಕ್ಕದಲ್ಲಿ ಜೋಡಿಸಿದೆ. ಉಚಿತ ಪರೀಕ್ಷೆಯೊಂದನ್ನು ಬರೆದರೆ ನಿಮ್ಮ ಹಂತ ತಿಳಿಯುತ್ತದೆ. ಮೊದಲ ಸಲ ನನ್ನದು ಎ2 ಎಂದು ಬಂತು. ಕೇಳುವಿಕೆಯ ಪಾಠದಲ್ಲಿ ಮೊದಲಿಗೆ ಕಷ್ಟಪದಗಳ ಸಿದ್ಧತೆ, ಆಮೇಲೆ ಧ್ವನಿ, ನಂತರ ಪಠ್ಯ, ಕೊನೆಗೆ ಎರಡು ಅಭ್ಯಾಸ: ಈ ಅನುಕ್ರಮ ನನಗೆ ತುಂಬ ಹಿಡಿಸಿತು, ಏಕೆಂದರೆ ಪಾಠ ಓದುವ ಮೊದಲು ಪದಾರ್ಥ ಹೇಳಿಕೊಡುತ್ತಿದ್ದ ನಮ್ಮ ಹಳೆಯ ತರಗತಿಯ ಕ್ರಮವೂ ಇದೇ. ಇಲ್ಲಿನ ವಿಷಯಗಳು ಕಚೇರಿ, ಸಭೆ, ಇಮೇಲ್, ಪ್ರಯಾಣ ಮುಂತಾದವು. ಓದಿ ಬರೆಯುವ ಉದ್ಯೋಗದಲ್ಲಿರುವವರಿಗೆ ಇದು ಹೆಚ್ಚು ಹೊಂದುತ್ತದೆ. ನಮ್ಮ ಚಾಲಕರಿಗೆ ಅಷ್ಟಾಗಿ ಹೊಂದಲಿಲ್ಲ.

ಡ್ಯುಯೊಲಿಂಗೊದಂಥ ಆಟದ ಮಾದರಿಯ ಆ್ಯಪ್‌ಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ದಿನ ತಪ್ಪಿಸದಂತೆ ಎಳೆದು ಕೂರಿಸುವ ಶಕ್ತಿ ಅವಕ್ಕಿದೆ, ಹತ್ತು ನಿಮಿಷದ ಬಿಡುವಿಗೆ ಅವು ಒಳ್ಳೆಯ ಜೊತೆ. ಆದರೆ ಬಿಡಿ ವಾಕ್ಯಗಳನ್ನು ಜೋಡಿಸುವ ಅಭ್ಯಾಸದಿಂದ ಎದುರಿನವರ ಓಡುವ ಮಾತು ಹಿಡಿಯುವ ಕಿವಿ ಬರುವುದಿಲ್ಲ ಎಂಬುದು ನನ್ನ ತೀರ್ಮಾನ.

ನಿಘಂಟಿನ ವಿಚಾರ ಬಂದಾಗ ಮಾತ್ರ ನಾನು ನಿಧಾನಿಸಬೇಕು, ಏಕೆಂದರೆ ವಯಸ್ಕ ಕಲಿಕೆಯ ಅರ್ಧ ಬಲ ಅಲ್ಲಿದೆ. ಕೇಂಬ್ರಿಡ್ಜ್ ನಿಘಂಟಿನ ತಾಣದಲ್ಲಿ ಪ್ರತಿ ಪದಕ್ಕೂ ಬ್ರಿಟನ್ ಮತ್ತು ಅಮೆರಿಕದ ಉಚ್ಚಾರಣೆಯನ್ನು ಒತ್ತಿ ಕೇಳಬಹುದು. ಬಹಳಷ್ಟು ಪದಗಳ ಪಕ್ಕದಲ್ಲಿ ಆ ಪದ ಯಾವ ಹಂತದ್ದು ಎಂಬ ಗುರುತೂ ಇರುತ್ತದೆ. ಈಗಲೇ ಕಲಿಯಬೇಕಾದ ಪದ ಯಾವುದು, ಸದ್ಯಕ್ಕೆ ದಾಟಿ ಹೋಗಬಹುದಾದದ್ದು ಯಾವುದು ಎಂದು ಆ ಗುರುತಿನಿಂದ ತಿಳಿಯುತ್ತದೆ. ಕನ್ನಡದಿಂದ ಇಂಗ್ಲಿಷಿಗೆ ಹೋಗಲು ‘ಅಲರ್’ ಇದೆ. ವಿ. ಕೃಷ್ಣ ಅವರು ಹಲವು ದಶಕಗಳ ಕಾಲ ಒಬ್ಬರೇ ಕುಳಿತು ಸಂಗ್ರಹಿಸಿದ, ಒಂದೂವರೆ ಲಕ್ಷಕ್ಕೂ ಹೆಚ್ಚು ಕನ್ನಡ ಪದಗಳಿರುವ ಈ ಕೋಶ 2019ರಲ್ಲಿ ಎಲ್ಲರಿಗೂ ಮುಕ್ತವಾಗಿ ಅಂತರ್ಜಾಲಕ್ಕೆ ಬಂತು. ಹೇಳಬೇಕಾದ ಮಾತು ಕನ್ನಡದಲ್ಲಿ ನಾಲಗೆಯ ತುದಿಯಲ್ಲಿದ್ದು ಅದಕ್ಕೆ ಇಂಗ್ಲಿಷ್ ಸಿಗದಿದ್ದಾಗ, ಇದನ್ನು ತೆರೆದು ಪದ ಹಿಡಿದು, ಆ ಪದವನ್ನು ಕೇಂಬ್ರಿಡ್ಜ್‌ನಲ್ಲಿ ಹಾಕಿ ಉಚ್ಚಾರಣೆಯನ್ನೂ ಉದಾಹರಣೆಯನ್ನೂ ನೋಡುವುದು ನಮ್ಮ ರೂಢಿಯಾಗಿದೆ. ಇಂಥ ಕೆಲಸಕ್ಕೆ ಆಯುಷ್ಯ ಕೊಟ್ಟವರ ಋಣವನ್ನು ಕನ್ನಡಿಗರು ನೆನೆಯಬೇಕು.

ಇಷ್ಟೆಲ್ಲ ಇದ್ದರೂ ಒಂದು ಕೊರತೆ ಬಹುತೇಕ ಎಲ್ಲ ಕಡೆಯೂ ಇದೆ, ಮತ್ತು ನಾನು ಇದನ್ನು ಬರೆಯಲು ಕುಳಿತದ್ದು ಮುಖ್ಯವಾಗಿ ಅದಕ್ಕಾಗಿಯೇ. ಧ್ವನಿಯೂ ಪಠ್ಯವೂ ಇರುವ ಈ ಪಾಠಗಳಲ್ಲಿ ಯಾವುದೂ ಕಲಿಯುವವರು ಯಾವ ಭಾಷೆಯಿಂದ ಬರುತ್ತಿದ್ದಾರೆ ಎಂದು ಕೇಳುವುದಿಲ್ಲ. ಲೋಕದ ಎಲ್ಲರಿಗಾಗಿ ಮಾಡಿದ ಪಾಠ ಹಾಗಿರುವುದು ಸಹಜ. ಆದರೆ ಕನ್ನಡಿಗರು ಎಡವುವ ಕಲ್ಲುಗಳು ಬೇರೆ, ಜಪಾನಿನವರು ಎಡವುವ ಕಲ್ಲುಗಳು ಬೇರೆ.

ನಮಗೆ ‘ಹ್ಯಾವ್’ ಎಂಬ ಕ್ರಿಯಾಪದವೇ ಇಲ್ಲ. “ನನಗೆ ಇಬ್ಬರು ಮಕ್ಕಳಿದ್ದಾರೆ”, “ನನ್ನ ಹತ್ತಿರ ದುಡ್ಡಿದೆ”, “ನನಗೆ ಜ್ವರ ಇದೆ”, “ಮನೆಗೆ ಎರಡು ಬಾಗಿಲು” ಎಂದು ನಾಲ್ಕು ಬಗೆಯಲ್ಲಿ ಹೇಳುವುದನ್ನು ಇಂಗ್ಲಿಷ್ ಒಂದೇ ‘ಹ್ಯಾವ್’ನಲ್ಲಿ ಮುಗಿಸುತ್ತದೆ. “ನನಗೆ ಬೇಕು”, “ನನಗೆ ಗೊತ್ತು”, “ನನಗೆ ಇಷ್ಟ” ಎಂದು ಚತುರ್ಥಿ ವಿಭಕ್ತಿಯಲ್ಲಿ ಯೋಚಿಸುವ ಮನಸ್ಸು ‘ಐ ವಾಂಟ್’, ‘ಐ ನೋ’, ‘ಐ ಲೈಕ್’ ಎಂದು ಕರ್ತೃವಿನಿಂದ ಹೊರಡಬೇಕಾದರೆ ಒಳಗೆ ಒಂದು ತಿರುವು ಆಗಬೇಕು. “ನಿನ್ನೆ ಗೋಕರ್ಣದಿಂದ ಬಂದ ಹುಡುಗ” ಎಂಬುದು ‘ದ ಬಾಯ್ ಹೂ ಕೇಮ್ ಫ್ರಮ್ ಗೋಕರ್ಣ ಯೆಸ್ಟರ್‌ಡೇ’ ಆಗುವಾಗ ಪದಗಳ ಸಾಲು ಕೊನೆಯಿಂದ ಮೊದಲಿಗೆ ಪೂರ್ತಿ ಮಗುಚುತ್ತದೆ. ಹುಡುಗ, ಬಂದ, ಗೋಕರ್ಣ, ನಿನ್ನೆ! ಇದನ್ನು ಕಪ್ಪುಹಲಗೆಯ ಮೇಲೆ ಬರೆದು ಬಾಣ ಎಳೆದು ತೋರಿಸಿದ ಸಂಜೆ, ಉದ್ದ ವಾಕ್ಯ ಕಂಡರೆ ಹಿಂಜರಿಯುತ್ತಿದ್ದ ಇಬ್ಬರಿಗೂ ಕೈಪಿಡಿಯ ವಾಕ್ಯಗಳು ಬಿಡಿಸಿಕೊಳ್ಳತೊಡಗಿದವು. ಲ್ಯಾಬಿನ ಕೈಪಿಡಿಯಲ್ಲಿ ‘ಶುಡ್ ಬಿ ಸ್ಟೋರ್ಡ್’, ‘ಮಸ್ಟ್ ನಾಟ್ ಬಿ ಫ್ರೋಜನ್’ ಎಂಬ ಕರ್ಮಣಿ ಪ್ರಯೋಗ ಸಾಲುಸಾಲಾಗಿ ಬರುತ್ತದೆ. ನಾವು ಆಡುಮಾತಿನಲ್ಲಿ ‘ಇಡಲ್ಪಡಬೇಕು’ ಎನ್ನುವವರೇ ಅಲ್ಲ, “ಇಡಬೇಕು” ಎನ್ನುತ್ತೇವೆ. ಯಾರು ಇಡಬೇಕು ಎಂದು ಹೇಳದೆಯೇ ನಮ್ಮಲ್ಲಿ ವಾಕ್ಯ ಪೂರ್ಣವಾಗುತ್ತದೆ. ಇದೊಂದನ್ನು ಹೇಳಿದ ಮೇಲೆ ಅವರಿಗೆ ಆ ಪುಟ ಓದಲು ನನ್ನ ನೆರವು ಬೇಕಾಗಲಿಲ್ಲ.

ಉಚ್ಚಾರಣೆಯಲ್ಲಿಯೂ ಹೀಗೆಯೇ. ‘ಎಂಟು’ ಎಂದು ಬರೆದು ‘ಯೆಂಟು’ ಎನ್ನುವ, ‘ಒಂದು’ ಎಂದು ಬರೆದು ‘ವೊಂದು’ ಎನ್ನುವ ನಾಲಗೆಗೆ ‘ಎಗ್’ ಎಂಬುದು ‘ಯೆಗ್’ ಆಗುತ್ತದೆ, ‘ಓನ್ಲಿ’ ಎಂಬುದು ‘ವೋನ್ಲಿ’ ಆಗುತ್ತದೆ. ಇಂಗ್ಲಿಷಿನ ವಿ ಮತ್ತು ಡಬ್ಲ್ಯೂ ಎರಡಕ್ಕೂ ನಮ್ಮಲ್ಲಿ ಒಂದೇ ವಕಾರ. ಎಲ್ಲಕ್ಕಿಂತ ದೊಡ್ಡದು ಒತ್ತಿನ ವಿಚಾರ. ನಾವು ಎಲ್ಲ ಅಕ್ಷರಗಳಿಗೂ ಹೆಚ್ಚುಕಡಿಮೆ ಸಮನಾದ ತೂಕ ಕೊಟ್ಟು ಮಾತಾಡುತ್ತೇವೆ. ಇಂಗ್ಲಿಷಿನಲ್ಲಿ ಒಂದು ಅಕ್ಷರ ಎದ್ದು ನಿಲ್ಲುತ್ತದೆ, ಉಳಿದವು ಕುಗ್ಗಿ ಅಸ್ಪಷ್ಟವಾಗುತ್ತವೆ. ‘ಫೋಟೊಗ್ರಾಫ್’ನಲ್ಲಿ ಮೊದಲ ಅಕ್ಷರಕ್ಕಿದ್ದ ಬಲ ‘ಫೊಟಾಗ್ರಫರ್’ನಲ್ಲಿ ಎರಡನೆಯದಕ್ಕೆ ಹೋಗುತ್ತದೆ, ಅದರ ಹಿಂದೆಯೇ ಸ್ವರಗಳೂ ಬದಲಾಗುತ್ತವೆ. ಆ ಕುಗ್ಗಿದ ಸ್ವರಕ್ಕೆ ಕನ್ನಡ ಲಿಪಿಯಲ್ಲಿ ಅಕ್ಷರವಿಲ್ಲ. ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಅಕ್ಷರಗಳಲ್ಲಿ ಬರೆದು ಕಲಿಸುವ ಪುಸ್ತಕಗಳೂ ವಿಡಿಯೊಗಳೂ ನಮ್ಮಲ್ಲಿ ಬಹಳ ಇವೆ, ನಾನೂ ಇಲ್ಲಿ ಅನಿವಾರ್ಯವಾಗಿ ಹಾಗೆ ಬರೆಯುತ್ತಿದ್ದೇನೆ. ಅರ್ಥ ತಿಳಿಸಲು ಅದು ಸಾಕು, ಉಚ್ಚಾರಣೆಗೆ ಸಾಲದು. ಬರಿಯ ಕನ್ನಡ ಅಕ್ಷರಗಳಿಂದ ಕಲಿತವರಿಗೆ ತಾವು ಬಲ್ಲ ಪದವೇ ಬೇರೆಯವರ ಬಾಯಲ್ಲಿ ಬಂದಾಗ ಗುರುತು ಸಿಗುವುದಿಲ್ಲ. ಅದಕ್ಕಾಗಿಯೇ ನಾನು ಧ್ವನಿಯನ್ನು ಮೊದಲ ಅಳತೆಯಾಗಿ ಇಟ್ಟದ್ದು.

ಇಲ್ಲೊಂದು ಮಾತು ಸೇರಿಸಬೇಕು. ನಮ್ಮ ಚಾಲಕರು ಹುಡುಗರಾಗಿದ್ದಾಗ ಊರಿನ ಹವ್ಯಾಸಿ ಮೇಳದಲ್ಲಿ ಯಕ್ಷಗಾನದ ಬಾಲವೇಷ ಮಾಡಿದವರು. ಅಲ್ಲಿ ಭಾಗವತರ ಪದ್ಯ ಕೇಳಿ, ಹಿರಿಯರ ಅರ್ಥ ಕೇಳಿ, ಅದೇ ಏರಿಳಿತದಲ್ಲಿ ಮರುದಿನ ತಾವೂ ಹೇಳಿ ಕಲಿತಿದ್ದರು. ಇಯರ್‌ಫೋನ್ ಹಾಕಿಕೊಂಡು ನಿರೂಪಕರ ಹಿಂದೆಯೇ, ಅರೆ ಕ್ಷಣ ತಡವಾಗಿ, ಅವರ ಧಾಟಿಯಲ್ಲೇ ಹೇಳುತ್ತ ಹೋಗುವ ಅಭ್ಯಾಸವನ್ನು ನಾನು ಸೂಚಿಸಿದಾಗ, ವ್ಯಾಕರಣ ಬಲ್ಲ ನಾನು ಮೂರು ಪದಕ್ಕೆ ತಡವರಿಸಿದೆ. ಅವರು ಎರಡನೆಯ ಸಲಕ್ಕೆ ಇಡೀ ವಾಕ್ಯವನ್ನು ಒತ್ತಿನೊಂದಿಗೆ ಹಿಡಿದರು. ಬಿಬಿಸಿಯ ಆರು ನಿಮಿಷಗಳನ್ನು ಅವರು ಗಿರಾಕಿ ಇಲ್ಲದ ಮರುಪ್ರಯಾಣದಲ್ಲಿ ಕಾರಿನ ಸ್ಪೀಕರಿನಲ್ಲಿ ಹಾಕಿ ಹೀಗೆ ಹೇಳುತ್ತ ಬರುತ್ತಾರೆ. ಜನವರಿಯಲ್ಲಿ ಯಾಣಕ್ಕೆ ಹೋದ ವಿದೇಶಿ ದಂಪತಿಗೆ, ಮೆಟ್ಟಿಲು ಎಷ್ಟಿವೆ, ಒಳಗೆ ಏಕೆ ಚಪ್ಪಲಿ ಹಾಕಬಾರದು, ಸಂಜೆ ಎಷ್ಟು ಗಂಟೆಯೊಳಗೆ ಮರಳಬೇಕು ಎಂಬುದನ್ನೆಲ್ಲ ಇಂಗ್ಲಿಷಿನಲ್ಲಿ ಹೇಳಿ, ಅವರ ಪ್ರಶ್ನೆಗೂ ಉತ್ತರ ಕೊಟ್ಟು ಬಂದರಂತೆ. “ತಪ್ಪಿತ್ತು ಅಕ್ಕೋರೆ, ಆದರೆ ನಿಲ್ಲಲಿಲ್ಲ” ಎಂದರು.

ಖರ್ಚಿನ ಲೆಕ್ಕವನ್ನೂ ಹೇಳಬೇಕು. ಹಣ ಕಟ್ಟಿ ಕಳೆದುಕೊಂಡ ಆ ಪಾಠವನ್ನು ಬಿಟ್ಟರೆ, ಎಂಟು ತಿಂಗಳಲ್ಲಿ ನಮಗೆ ತಗುಲಿದ್ದು ಮೊಬೈಲಿನ ಮಾಮೂಲಿ ಡೇಟಾ ಮತ್ತು ಝೆರಾಕ್ಸ್ ಅಂಗಡಿಯ ಪ್ರಿಂಟಿನ ಹಣ. ಪಠ್ಯವನ್ನು ಪರದೆಯ ಮೇಲೆ ಓದುವುದಕ್ಕಿಂತ ಕಾಗದದಲ್ಲಿ ಓದುವುದು ನಮ್ಮ ವಯಸ್ಸಿನವರಿಗೆ ಹಿತ, ಗುರುತು ಹಾಕಲೂ ಅನುಕೂಲ. ಆರಂಭಿಸುವವರು ಒಬ್ಬರೇ ಕೂರದೆ ಒಬ್ಬರಾದರೂ ಜೊತೆಗಾರರನ್ನು ಹುಡುಕಿಕೊಳ್ಳಿ. ಈ ಪಾಠಗಳೆಲ್ಲ ನಮ್ಮನ್ನು ಕೇಳಿಸುತ್ತವೆ, ಓದಿಸುತ್ತವೆ, ಆದರೆ ನಾವು ಆಡಿದ ಮಾತಿಗೆ ಮರುಮಾತು ಕೊಡುವುದಿಲ್ಲ. ಆ ಕೆಲಸವನ್ನು ಎದುರಿಗೆ ಕೂತ ಮನುಷ್ಯರೇ ಮಾಡಬೇಕು.

ಕನ್ನಡದ ಕಡೆಯಿಂದ ಇಂಗ್ಲಿಷನ್ನು ವಿವರಿಸುವ ಪಾಠಮಾಲೆಯೊಂದು, ಇದೇ ಬಗೆಯ ಧ್ವನಿ ಮತ್ತು ಪಠ್ಯದೊಂದಿಗೆ, ಉಚಿತವಾಗಿ ಸಿಗುವಂತಾಗಬೇಕು ಎಂಬುದು ನನ್ನ ತೀವ್ರವಾದ ಆಸೆ. ಇಂಗ್ಲಿಷ್ ಬಲ್ಲ ಕನ್ನಡ ಅಧ್ಯಾಪಕರೂ ಕನ್ನಡ ವ್ಯಾಕರಣ ಬಲ್ಲ ಇಂಗ್ಲಿಷ್ ಅಧ್ಯಾಪಕರೂ ನಮ್ಮ ಜಿಲ್ಲೆಯ ಕಾಲೇಜುಗಳಲ್ಲಿಯೇ ಇದ್ದಾರೆ. ಅವರು ಸೇರಿ ಕುಳಿತರೆ ಇದು ಅಸಾಧ್ಯದ ಕೆಲಸವಲ್ಲ. ಅಲ್ಲಿಯವರೆಗೆ ನಮ್ಮ ಜಗುಲಿಯ ಮಟ್ಟಿಗೆ ನಾನೇ ಟಿಪ್ಪಣಿ ಬರೆಯುತ್ತಿದ್ದೇನೆ. ‘ಹ್ಯಾವ್’ ಮುಗಿದಿದೆ, ಪ್ರಶ್ನೆ ಕೇಳುವ ಬಗೆ ಮುಗಿದಿದೆ. ಈಗ ‘ಎ’, ‘ದ’ ಎಂಬ ಎರಡು ಚಿಕ್ಕ ಪದಗಳಲ್ಲಿ ಇದ್ದೇವೆ. ಕನ್ನಡದಲ್ಲಿ ಇವಕ್ಕೆ ಸಮನಾದದ್ದು ಇಲ್ಲವಾದ್ದರಿಂದ ಹದಿನಾಲ್ಕು ಪುಟ ಬರೆದರೂ ಚಾಲಕರ ಸಂಶಯ ತೀರಿಲ್ಲ. ಸೋಮವಾರ ಸಂಜೆ ಮತ್ತೆ ಅಲ್ಲಿಂದಲೇ ಆರಂಭ.